ವಯಸ್ಸಾದವರ ಜೊತೆ ಎರಡು ರಾತ್ರಿಯ ಮೈಸೂರು: ಸುಸ್ತಾಗದ ಹಾಗೆ ಪ್ಲಾನ್ ಮಾಡುವುದು ಹೇಗೆ?

"ಅಪ್ಪನಿಗೆ ಎಪ್ಪತ್ತು ದಾಟಿದೆ, ಅಮ್ಮನಿಗೆ ಮೊಣಕಾಲು ನೋವು, ಬೆಂಗಳೂರಿನಿಂದ ಎರಡು ದಿನ ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು, ಎಲ್ಲಿಗೆ ಹೋಗೋಣ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ನನ್ನ ಉತ್ತರ ಮೈಸೂರು. ಅವರು ಹತ್ತು ಸಲ ನೋಡಿದ ಊರೇ ಆಗಿದ್ದರೂ ಪರವಾಗಿಲ್ಲ. ಹತ್ತಿರ ಇದೆ, ರೈಲು ಇದೆ, ದೊಡ್ಡಾಸ್ಪತ್ರೆಗಳಿವೆ, ಊಟ ಅವರ ಬಾಯಿಗೆ ಹಿಡಿಸುತ್ತದೆ, ಭಾಷೆಯ ತೊಂದರೆ ಇಲ್ಲ.

ತೊಂದರೆ ಆಗುವುದು ಊರಿನಿಂದಲ್ಲ, ನಾವು ಹಾಕುವ ಪಟ್ಟಿಯಿಂದ. ಅರಮನೆ, ಝೂ, ಬೆಟ್ಟ, ಚರ್ಚು, ಕೆಆರ್‌ಎಸ್, ಶ್ರೀರಂಗಪಟ್ಟಣ, ಎಲ್ಲಾ ಒಂದೇ ದಿನಕ್ಕೆ ತುರುಕುತ್ತೇವೆ. ಶಾಲಾ ಪ್ರವಾಸದಲ್ಲಿ ಹಾಗೆ ಮಾಡಿಸಿದ್ದರಲ್ಲ, ಅದೇ ಅಭ್ಯಾಸ.

ಹಾಗಾಗಿ ಮೊದಲೇ ಒಂದು ಮಾತು. ಕಿಲೋಮೀಟರ್ ನೋಡಿ ಪ್ಲಾನ್ ಮಾಡಬೇಡಿ. ಪ್ರತಿ ಜಾಗಕ್ಕೂ ಮೂರು ಲೆಕ್ಕ ಹಾಕಿ: ಮೆಟ್ಟಿಲು ಎಷ್ಟು, ನಿಂತೇ ಇರಬೇಕಾದ ಹೊತ್ತು ಎಷ್ಟು, ಟಾಯ್ಲೆಟ್ ಎಲ್ಲಿ. ಕೆಳಗೆ ಬರೆದಿರುವುದೆಲ್ಲಾ ಈ ಮೂರರ ಮೇಲೇ ನಿಂತಿದೆ. ನೀವೇ ಹಿರಿಯರಾಗಿದ್ದು, ಗೆಳೆಯರೋ ಅಕ್ಕತಂಗಿಯರೋ ಸೇರಿ ಹೊರಟಿದ್ದರೂ ಇದೇ ಲೆಕ್ಕ.

1. ದಿನ ಆರಿಸಿ: ಭಾನುವಾರ ಹೋಗಿ, ಮಂಗಳವಾರ ಬನ್ನಿ

ಸಾಮಾನ್ಯವಾಗಿ ಎಲ್ಲರೂ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ವಾಪಸಾಗುತ್ತಾರೆ. ಅವರ ಜೊತೆಗೇ ಹೋದರೆ ಎಲ್ಲೆಡೆ ಕ್ಯೂ. ನಿವೃತ್ತರಿಗೆ ವಾರದ ದಿನ ಯಾವುದಾದರೇನು, ಅಲ್ವಾ? ಜೊತೆಗೆ ಹೋಗುವವರು ಎರಡು ದಿನ ರಜೆ ಹಾಕಿದರೆ ಸಾಕು.

ಭಾನುವಾರ ಮಧ್ಯಾಹ್ನ ತಲುಪಿದರೆ ಅವತ್ತು ಸಂಜೆಯೇ ಅರಮನೆಯ ದೀಪ ನೋಡಬಹುದು. ದೀಪಾಲಂಕಾರ ಇರುವುದು ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ. ಸೋಮವಾರ ಊರು ಖಾಲಿ ಖಾಲಿ. ಮಂಗಳವಾರ ಮಧ್ಯಾಹ್ನ ವಾಪಸ್. ಝೂ ಮತ್ತು ಕಾರಂಜಿ ಕೆರೆಗೆ ಮಂಗಳವಾರ ರಜೆ. ಅವೆರಡು ಬೇಕೇ ಬೇಕು ಅನ್ನುವವರು ಸೋಮವಾರಕ್ಕೆ ಇಟ್ಟುಕೊಳ್ಳಬೇಕು.

ಕಾಲದ ವಿಷಯ. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಹಿತವಾಗಿರುತ್ತದೆ. ಏಪ್ರಿಲ್ ಬಿಸಿಲು ಬೇಡ. ದಸರಾ ಹತ್ತು ದಿನ ಬೇಡವೇ ಬೇಡ: ರೂಮಿನ ಬಾಡಿಗೆ ಏರಿರುತ್ತದೆ, ರಸ್ತೆಗಳು ಬಂದ್ ಆಗಿರುತ್ತವೆ, ಕಾರು ನಿಲ್ಲಿಸಿದ ಜಾಗದಿಂದ ದೂರ ನಡೆಯಬೇಕು. ಜಂಬೂಸವಾರಿ ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆ. ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಕಡೆ ತಲೆಯನ್ನೂ ಹಾಕಬೇಡಿ.

2. ಹೋಗುವುದು ಹೇಗೆ: ಆದಷ್ಟು ರೈಲು

ಕಾರು ಅನುಕೂಲ ಅಂತ ಅನಿಸುತ್ತದೆ. ಆದರೆ 2023ರಲ್ಲಿ ಶುರುವಾದ ಹೊಸ ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಮದ್ದೂರು ಎಲ್ಲವನ್ನೂ ಬೈಪಾಸ್ ಮಾಡಿಕೊಂಡು ಹೋಗುತ್ತದೆ. ತಿಂಡಿ, ಟಾಯ್ಲೆಟ್ ಬೇಕಾದರೆ ಮುಖ್ಯ ರಸ್ತೆ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯಬೇಕು. ಇಳಿಯುವ ಜಾಗ ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. ಗಂಟೆಗೊಮ್ಮೆ ಹೋಗಬೇಕಾಗುವ ಹಿರಿಯರಿಗೆ ಇದು ದೊಡ್ಡ ಸಂಕಟ, ಹೇಳಿಕೊಳ್ಳುವುದಿಲ್ಲ ಅಷ್ಟೇ. ಕಾರಿನಲ್ಲೇ ಹೋಗುವುದಾದರೆ ಎಲ್ಲಿ ಇಳಿಯುತ್ತೀರಿ ಅಂತ ಮೊದಲೇ ಮ್ಯಾಪಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ರೈಲಿನಲ್ಲಿ ಆ ಚಿಂತೆ ಇಲ್ಲ. ಚೆನ್ನೈ ಕಡೆಯಿಂದ ಬರುವ ಬೆಳಗಿನ ವಂದೇ ಭಾರತ್ ಹತ್ತರ ಆಸುಪಾಸಿಗೆ ಮೆಜೆಸ್ಟಿಕ್‌ನ ಕೆಎಸ್‌ಆರ್ ನಿಲ್ದಾಣಕ್ಕೆ ಬಂದು, ಸುಮಾರು ಎರಡು ಗಂಟೆಯಲ್ಲಿ ಮೈಸೂರು ಮುಟ್ಟಿಸುತ್ತದೆ. ವಾಪಸ್ ಬರುವುದು ಮಧ್ಯಾಹ್ನ ಒಂದರ ಹೊತ್ತಿಗೆ ಮೈಸೂರು ಬಿಡುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಏಳುವ ಗಲಾಟೆ ಇಲ್ಲ, ಹೋಟೆಲಿನ ಮಧ್ಯಾಹ್ನದ ಚೆಕ್-ಇನ್‌ಗೂ ಸರಿಹೊಂದುತ್ತದೆ. ವಾರದಲ್ಲಿ ಒಂದು ದಿನ ಈ ರೈಲು ಓಡುವುದಿಲ್ಲ, ವೇಳೆಯೂ ಆಗಾಗ ಬದಲಾಗುತ್ತದೆ. ಬುಕ್ ಮಾಡುವಾಗ ನೋಡಿಕೊಳ್ಳಿ. ಇನ್ನೊಂದು ಲಾಭ, ಮಾಮೂಲಿ ರೈಲಿನ ಆ ಎತ್ತರದ ಕಬ್ಬಿಣದ ಮೆಟ್ಟಿಲುಗಳನ್ನು ಹತ್ತುವ ಕಷ್ಟ ಇದರಲ್ಲಿ ತುಂಬಾ ಕಡಿಮೆ.

ಬುಕ್ ಮಾಡುವಾಗ 'ಸಿಸಿ' ಅಂತ ಇರುವುದು ಚೇರ್ ಕಾರ್, ಅಂದರೆ ಕೂತು ಹೋಗುವ ಏಸಿ ಬೋಗಿ. 'ಇಸಿ' ಅಂದರೆ ಅದಕ್ಕಿಂತ ಅಗಲ ಸೀಟಿನ, ದುಬಾರಿ ಬೋಗಿ. ಎರಡು ಗಂಟೆಗೆ ಸಿಸಿ ಸಾಕು. ಟಿಕೆಟ್ 60 ದಿನ ಮುಂಚೆಯೇ ತೆರೆಯುತ್ತದೆ. ಬೇಗ ಮಾಡಿದರೆ ಎಲ್ಲರಿಗೂ ಒಂದೇ ಕಡೆ ಸೀಟು ಸಿಗುವ ಸಾಧ್ಯತೆ ಜಾಸ್ತಿ.

"ಸೀನಿಯರ್ ಸಿಟಿಜನ್ ರಿಯಾಯಿತಿ ಇದೆಯಾ?" ಇಲ್ಲ. ರೈಲ್ವೆ 2020ರ ಮಾರ್ಚ್‌ನಲ್ಲೇ ನಿಲ್ಲಿಸಿತು. ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸುಗಳಲ್ಲಿ ಅರವತ್ತು ದಾಟಿದ ರಾಜ್ಯದವರಿಗೆ ಶೇ. 25 ರಿಯಾಯಿತಿ ಇದೆ, ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಪೂರ್ತಿ ಉಚಿತ. ಆದರೆ ಆ ಬಸ್ಸುಗಳ ಮೆಟ್ಟಿಲು ಎತ್ತರ, ಮೂರು ಗಂಟೆ ಕುಲುಕಾಟ ಬೇರೆ. ಉಳಿಯುವ ದುಡ್ಡನ್ನು ಮೊಣಕಾಲು ತೆರಬೇಕಾಗುತ್ತದೆ.

ನಿಲ್ದಾಣದಲ್ಲಿ ಗಮನಿಸಬೇಕಾದದ್ದು:

ಮುಕ್ಕಾಲು ಗಂಟೆ ಮುಂಚೆ ತಲುಪಿ. ಪ್ಲಾಟ್‌ಫಾರ್ಮ್ ಯಾವುದು ಅಂತ ತಿಳಿದುಕೊಂಡು ಯಾವ ಗೇಟಿನಿಂದ ಹೋದರೆ ಹತ್ತಿರ ಅಂತ ನೋಡಿ. ಕೆಎಸ್‌ಆರ್‌ಗೆ ಓಕಳೀಪುರಂ ಕಡೆಯಿಂದಲೂ ಬಾಗಿಲಿದೆ. ಗಾಲಿಕುರ್ಚಿ ಬೇಕಿದ್ದರೆ ಸ್ಟೇಷನ್ ಮಾಸ್ಟರ್ ಕಚೇರಿಯಲ್ಲಿ ಕೇಳಿ. ಹಿಂದಿನ ದಿನವೇ 139ಕ್ಕೆ ಫೋನ್ ಮಾಡಿ ವಿಚಾರಿಸಿದರೆ ಇನ್ನೂ ಒಳ್ಳೆಯದು. ತಳ್ಳಲು ಕೂಲಿ ಬೇಕಾದರೆ ರೇಟು ಮೊದಲೇ ಮಾತಾಡಿಕೊಳ್ಳಿ.

ಒಂದು ಎಚ್ಚರಿಕೆ. ವಂದೇ ಭಾರತ್ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ನಿಲ್ಲುವುದೂ ಕೆಲವೇ ನಿಮಿಷ. ಕಳಿಸಲು ಬಂದ ಮಗ ಬ್ಯಾಗ್ ಇಡಲು ಒಳಗೆ ಹೋಗಿ, ಟಿಕೆಟ್ ಇಲ್ಲದೆ ಮೈಸೂರುವರೆಗೂ ಹೋಗಬೇಕಾದ ಪ್ರಸಂಗಗಳಿವೆ. ಹತ್ತುವವರು ಹತ್ತಲಿ, ಕಳಿಸುವವರು ಪ್ಲಾಟ್‌ಫಾರ್ಮ್‌ನಲ್ಲೇ ನಿಲ್ಲಲಿ.

3. ರೂಮು: ಫೋಟೋ ನಂಬಬೇಡಿ, ಫೋನ್ ಮಾಡಿ

ಬುಕಿಂಗ್ ಆ್ಯಪಿನ ಫೋಟೋಗಳಲ್ಲಿ ಹಾಸಿಗೆ ಮೇಲಿನ ಹೂವು ಕಾಣುತ್ತದೆ, ಬಾತ್‌ರೂಮಿನ ಹೊಸ್ತಿಲು ಕಾಣುವುದಿಲ್ಲ. ನೀವು ದುಡ್ಡು ಕಟ್ಟುವ ಮುಂಚೆ ನೇರ ಹೋಟೆಲಿಗೇ ಫೋನ್ ಮಾಡಿ ಇಷ್ಟು ಕೇಳಿ:

– ರಸ್ತೆಯಿಂದ ರಿಸೆಪ್ಷನ್‌ಗೆ ಎಷ್ಟು ಮೆಟ್ಟಿಲು? ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ?
– ಲಿಫ್ಟ್ ನೆಲಮಹಡಿಯಿಂದಲೇ ಶುರುವಾಗುತ್ತದಾ? ಕರೆಂಟ್ ಹೋದಾಗ ಜನರೇಟರ್‌ನಲ್ಲಿ ನಡೆಯುತ್ತದಾ?
– ಕಮೋಡ್ ಇದೆಯಾ, ಅದರ ಪಕ್ಕ ಹಿಡಿಕೆ ಇದೆಯಾ? ಸ್ನಾನದ ಜಾಗ ಬೇರೆಯಾ, ಅಥವಾ ಸ್ನಾನ ಮಾಡಿದರೆ ಇಡೀ ಬಾತ್‌ರೂಮ್ ಒದ್ದೆ ಆಗುತ್ತದಾ?
– ಬಿಸಿನೀರು ದಿನವಿಡೀ ಬರುತ್ತದಾ? ಪ್ಲಾಸ್ಟಿಕ್ ಸ್ಟೂಲ್ ಕೊಡುತ್ತೀರಾ?
– ತಿಂಡಿ ಕೊಡುವ ಜಾಗ ಯಾವ ಮಹಡಿ?

"ಲಿಫ್ಟ್ ಇದೆ ಸಾರ್" ಅನ್ನುವ ಉತ್ತರಕ್ಕೆ ಸಮಾಧಾನ ಮಾಡಿಕೊಳ್ಳಬೇಡಿ. ಲಿಫ್ಟ್ ಹತ್ತಲು ಹತ್ತು ಮೆಟ್ಟಿಲು ಏರಬೇಕಾದ ಹೋಟೆಲುಗಳು ಬೇಕಾದಷ್ಟಿವೆ. ಬಾತ್‌ರೂಮಿನ ಒಂದು ಚಿಕ್ಕ ವಿಡಿಯೋ ವಾಟ್ಸಾಪಿನಲ್ಲಿ ಕಳಿಸಿ ಅಂತ ಕೇಳಿ. ಕಳಿಸದ ಹೋಟೆಲನ್ನು ಬಿಟ್ಟುಬಿಡಿ. ಬಾತ್‌ಟಬ್ ಇದ್ದರೆ ಅದನ್ನು ಸೌಲಭ್ಯ ಅಂದುಕೊಳ್ಳಬೇಡಿ, ಅದರ ಅಂಚು ದಾಟುವಾಗಲೇ ಜಾರುವುದು. ಷವರ್ ಮಾತ್ರ ಇರುವ ರೂಮು ಕೇಳಿ.

ಜಾಗದ ವಿಷಯಕ್ಕೆ ಬಂದರೆ, ಸಯ್ಯಾಜಿರಾವ್ ರಸ್ತೆ ಸುತ್ತಮುತ್ತ ಎಲ್ಲವೂ ಹತ್ತಿರ, ಆದರೆ ಸದ್ದು. ಯಾದವಗಿರಿ ಕಡೆ ನಿಶ್ಶಬ್ದ, ರೈಲು ನಿಲ್ದಾಣಕ್ಕೂ ಹತ್ತಿರ. ನನ್ನನ್ನು ಕೇಳಿದರೆ ಯಾದವಗಿರಿ. ನಿದ್ದೆ ಕೆಟ್ಟರೆ ಮರುದಿನದ ಪ್ಲಾನ್ ಎಲ್ಲಾ ಕೆಟ್ಟ ಹಾಗೆಯೇ.

4. ಬ್ಯಾಗು ಮತ್ತು ಔಷಧಿ

ಮಾತ್ರೆಗಳನ್ನು ಎರಡು ಪಾಲು ಮಾಡಿ: ಒಂದು ಹ್ಯಾಂಡ್‌ಬ್ಯಾಗಿನಲ್ಲಿ, ಇನ್ನೊಂದು ಬೇರೆಯವರ ಬ್ಯಾಗಿನಲ್ಲಿ. ಎರಡು ದಿನ ಜಾಸ್ತಿಯೇ ಇರಲಿ. ಡಾಕ್ಟರ ಚೀಟಿಯ ಫೋಟೋ ಜೊತೆಗಿರುವ ಎಲ್ಲರ ಫೋನಿನಲ್ಲೂ ಇರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ತಂಪು ಚೀಲ, ಸಕ್ಕರೆ ಅಥವಾ ಗ್ಲುಕೋಸ್ ಬಿಸ್ಕತ್ತು ಮರೆಯಬಾರದು. ಹಳೇ ಕನ್ನಡಕ ಒಂದು, ಕಿವಿಯ ಮಷಿನ್ ಇದ್ದರೆ ಅದರ ಬ್ಯಾಟರಿ, ಮಲಗುವ ಕೋಣೆಗೆ ಚಿಕ್ಕ ನೈಟ್‌ಲ್ಯಾಂಪ್. ಹೊಸ ಜಾಗದಲ್ಲಿ ರಾತ್ರಿ ಎದ್ದು ಟಾಯ್ಲೆಟ್ ಹುಡುಕುವಾಗ ಬೀಳುವುದೇ ಜಾಸ್ತಿ.

ದೊಡ್ಡ ತಪ್ಪು ಇಲ್ಲಿದೆ. ಬಿಪಿಗೋ ಹೃದಯಕ್ಕೋ ಕೊಟ್ಟ 'ನೀರು ಮಾತ್ರೆ', ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನು, ಪ್ರಯಾಣದ ದಿನ ಎಷ್ಟೋ ಜನ ಸದ್ದಿಲ್ಲದೆ ಬಿಟ್ಟುಬಿಡುತ್ತಾರೆ. ನೀರು ಕುಡಿಯುವುದನ್ನೂ ಬಿಡುತ್ತಾರೆ. ಎರಡೂ ಅಪಾಯ. ಹೊರಡುವ ವಾರ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆಯ ಹೊತ್ತು ಹಿಂದೆ ಮುಂದೆ ಮಾಡಬಹುದಾ ಅಂತ ಕೇಳಿ, ಅವರು ಹೇಳಿದ ಹಾಗೆ ಮಾಡಿ.

ಕಾಲಿಗೆ ಹೊಸ ಚಪ್ಪಲಿ ಬೇಡ. ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ ಇಟ್ಟುಕೊಳ್ಳಿ. ಯಾಕೆ ಅಂತ ಅರಮನೆಯ ಹತ್ತಿರ ಹೇಳುತ್ತೇನೆ. ಮಡಚುವ ಸ್ಟೂಲ್ ಒಂದು ಇದ್ದರೆ ಬಂಗಾರ. ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ವಸ್ತು ಅದೇ.

ತುರ್ತಿಗೆ 108 ಅಥವಾ 112. ಹೃದಯದ ತೊಂದರೆ ಇರುವವರಿಗೆ ಗೊತ್ತಿರಲಿ, ಬೆಂಗಳೂರಿನ ಜಯದೇವ ಆಸ್ಪತ್ರೆಯ ಶಾಖೆ ಮೈಸೂರಿನಲ್ಲೂ ಇದೆ.

5. ಊರೊಳಗೆ ಓಡಾಟ

ಅರ್ಧ ದಿನದ ಲೆಕ್ಕದಲ್ಲಿ ಟ್ಯಾಕ್ಸಿ ಮಾಡಿ. ಟ್ಯಾಕ್ಸಿಯವರ ಭಾಷೆಯಲ್ಲಿ 'ನಾಲ್ಕು ಗಂಟೆ, ನಲವತ್ತು ಕಿಲೋಮೀಟರ್' ಅಂದರೆ ಅಷ್ಟರೊಳಗೆ ಮುಗಿದರೆ ಒಂದೇ ದರ, ಮೀರಿದರೆ ಗಂಟೆಗೂ ಕಿಲೋಮೀಟರಿಗೂ ಬೇರೆ ಬೇರೆ ದುಡ್ಡು. 'ಎಂಟು ಗಂಟೆ, ಎಂಬತ್ತು ಕಿಲೋಮೀಟರ್' ನಿಮಗೆ ಬೇಕಾಗುವುದಿಲ್ಲ. ಗಾಡಿಯ ಎತ್ತರ ಕೇಳಿ. ತೀರಾ ತಗ್ಗಿನ ಸೀಟಿನಿಂದ ಏಳಲು ಕಷ್ಟ, ಎತ್ತರದ ಗಾಡಿಗೆ ಹತ್ತಲು ಕಷ್ಟ. ನಿಮ್ಮ ಮನೆಯವರಿಗೆ ಯಾವುದು ಸುಲಭ ಅನ್ನುವುದು ನಿಮಗೇ ಗೊತ್ತು.

ಹೊರಡುವ ಮುಂಚೆಯೇ ಡ್ರೈವರಿಗೆ "ಅಂಗಡಿಗಳಿಗೆ ಬೇಡಪ್ಪ" ಅಂತ ಹೇಳಿಬಿಡಿ. ಇಲ್ಲದಿದ್ದರೆ ರೇಷ್ಮೆ ಸೀರೆ, ಗಂಧದೆಣ್ಣೆ ಅಂತ ಕಮಿಷನ್ ಸಿಗುವ ಅಂಗಡಿಗಳ ಮುಂದೆ ನಿಲ್ಲಿಸುತ್ತಲೇ ಹೋಗುತ್ತಾರೆ. ಪ್ರತಿ ಸಲ ಹತ್ತಿ ಇಳಿಯುವುದೇ ಒಂದು ಕಸರತ್ತು. ಚಿಕ್ಕ ದೂರಕ್ಕೆ ಆಟೋ ಸಾಕು, ಬೆಂಗಳೂರಿನ ಆ್ಯಪುಗಳೇ ಇಲ್ಲೂ ನಡೆಯುತ್ತವೆ.

ಟಾಂಗಾ ನೋಡಿದರೆ ಆಸೆಯಾಗುತ್ತದೆ, ನಿಜ. ಹತ್ತುವ ಮೆಟ್ಟಿಲು ಚಿಕ್ಕದು, ಎತ್ತರದಲ್ಲಿದೆ. ಮೊಣಕಾಲು ಗಟ್ಟಿ ಇದ್ದವರು ಹತ್ತಲಿ, ಉಳಿದವರು ಫೋಟೋ ತೆಗೆಯಲಿ.

6. ಭಾನುವಾರ: ಉಂಡು ಮಲಗಿ, ಸಂಜೆ ದೀಪ

ತಲುಪಿದ ಕೂಡಲೇ ಊಟ, ಆಮೇಲೆ ನಿದ್ದೆ. ಬೇರೇನೂ ಬೇಡ.

ದೀಪ ಹತ್ತುವುದು ಸಂಜೆ ಏಳಕ್ಕೆ, ಸುಮಾರು ಮುಕ್ಕಾಲು ಗಂಟೆ ಇರುತ್ತದೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತುವ ಆ ಕ್ಷಣಕ್ಕೇ ಜನ ಕಾದಿರುತ್ತಾರೆ, ಅಮ್ಮಂದಿರು ಮಕ್ಕಳ ಹಾಗೆ ಕೂಗುವುದನ್ನು ಇಲ್ಲಿ ಕೇಳಬಹುದು. ಆರೂವರೆಗೇ ಒಳಗೆ ಹೋಗಿ, ಅಂಚಿನಲ್ಲಿ ಜಾಗ ಹಿಡಿದು, ಸ್ಟೂಲ್ ಹಾಕಿ ಕೂರಿಸಿ. ನಡುವೆ ನಿಂತರೆ ಆಮೇಲೆ ಹೊರಗೆ ಬರಲು ಆಗುವುದಿಲ್ಲ. ದೀಪ ಆರುವ ಹತ್ತು ನಿಮಿಷ ಮುಂಚೆಯೇ ಎದ್ದು ಬನ್ನಿ, ಎಲ್ಲರೂ ಒಟ್ಟಿಗೆ ಗೇಟಿನ ಕಡೆ ನುಗ್ಗುವಾಗ ನೀವು ಅದರಲ್ಲಿ ಇರಬಾರದು. ಗಾಡಿ ಎಲ್ಲಿ ನಿಂತಿರುತ್ತದೆ ಅಂತ ಡ್ರೈವರ್ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ, ಆ ಗದ್ದಲದಲ್ಲಿ ಫೋನಿನ ಮಾತು ಕೇಳುವುದಿಲ್ಲ.

7. ಸೋಮವಾರ ಬೆಳಿಗ್ಗೆ: ಅರಮನೆಯ ಒಳಗೆ

ಹತ್ತು ಗಂಟೆಗೆ ತೆರೆಯುತ್ತದೆ, ಹತ್ತಕ್ಕೇ ಅಲ್ಲಿರಿ. ಹನ್ನೊಂದರ ಮೇಲೆ ಶಾಲಾ ಬಸ್ಸುಗಳು ಬರಲು ಶುರು.

ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ, ಹೆನ್ರಿ ಇರ್ವಿನ್ ಅವರ ವಿನ್ಯಾಸದಲ್ಲಿ ಕಟ್ಟಿ 1912ರಲ್ಲಿ ಮುಗಿಸಿದ ಕಟ್ಟಡ ಇದು. ದರ್ಬಾರು ನಡೆಸುವವರಿಗಾಗಿ ಕಟ್ಟಿದ್ದು, ಮೊಣಕಾಲು ನೋವಿನವರಿಗಾಗಿ ಅಲ್ಲ. ದರ್ಬಾರ್ ಹಾಲ್ ಇರುವುದು ಮೇಲಿನ ಮಹಡಿಯಲ್ಲಿ. ಹತ್ತಲು ಆಗದವರು ಬೇಜಾರು ಮಾಡಿಕೊಳ್ಳಬೇಕಿಲ್ಲ. ಗೊಂಬೆಗಳನ್ನು ಇಟ್ಟಿರುವ ಗೊಂಬೆತೊಟ್ಟಿ, ಕಲ್ಯಾಣಮಂಟಪ ಎರಡೂ ಕೆಳಗೇ ಇವೆ. ಎಂಟು ಮೂಲೆಯ ಆ ಮಂಟಪ, ಮೇಲೆ ಗ್ಲಾಸ್ಗೋದಿಂದ ತರಿಸಿದ ಬಣ್ಣದ ಗಾಜಿನ ನವಿಲುಗಳು. ನನ್ನ ಮಟ್ಟಿಗೆ ಇಡೀ ಅರಮನೆಯಲ್ಲಿ ಚೆಂದ ಇರುವುದೇ ಅದು. ಅಲ್ಲೇ ಹತ್ತು ನಿಮಿಷ ನಿಲ್ಲಿ.

ನೋಡುವ ದಾರಿ ಒಂದೇ ದಿಕ್ಕಿನದು, ಜನ ಹಿಂದಿನಿಂದ ತಳ್ಳಿಕೊಂಡು ಬರುತ್ತಲೇ ಇರುತ್ತಾರೆ. ಮೇಲೆ ಹತ್ತುವುದಿಲ್ಲ ಅಂತಾದರೆ ಒಳಗೆ ಹೋಗುವಾಗಲೇ ಕಾವಲಿನವರಿಗೆ ಹೇಳಿ, ಹೊರಗೆ ಬರುವ ದಾರಿ ಕೇಳಿಕೊಳ್ಳಿ. ಗಾಲಿಕುರ್ಚಿ ಸಿಗುತ್ತದಾ ಅಂತ ಟಿಕೆಟ್ ಕೌಂಟರಿನಲ್ಲೇ ವಿಚಾರಿಸಿ.

ಈಗ ಕಾಲುಚೀಲದ ವಿಷಯ. ಅರಮನೆಯೊಳಗೆ ಚಪ್ಪಲಿ ಬಿಡಬೇಕು. ಒಳಗೆ ನುಣುಪು ನೆಲ, ಹೊರಗೆ ಬಿಸಿಲಿಗೆ ಕಾದ ಕಲ್ಲು. ಸಕ್ಕರೆ ಕಾಯಿಲೆ ಹಳತಾದವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ, ಸುಟ್ಟರೂ ಗೊತ್ತಾಗುವುದಿಲ್ಲ, ಸಂಜೆ ರೂಮಿಗೆ ಬಂದಾಗ ಬೊಬ್ಬೆ ಕಾಣುತ್ತದೆ. ಹೊರಗಿನ ಕಲ್ಲಿನ ಮೇಲೆ ಕಾಲುಚೀಲ ಇರಲಿ. ನುಣುಪು ನೆಲದಲ್ಲಿ ಜಾರುತ್ತದೆ ಅನಿಸಿದರೆ ತಳದಲ್ಲಿ ರಬ್ಬರ್ ಚುಕ್ಕೆ ಇರುವ ಚೀಲ ಸಿಗುತ್ತದೆ, ಅದನ್ನೇ ತನ್ನಿ. ರಾತ್ರಿ ಮಲಗುವ ಮುಂಚೆ ಪಾದ ಒಮ್ಮೆ ನೋಡಿ.

ಹನ್ನೆರಡಕ್ಕೆ ವಾಪಸ್. ಊಟ, ನಿದ್ದೆ. ಇನ್ನೂ ಹೊತ್ತಿದೆ, ಚರ್ಚ್ ಒಂದು ನೋಡಿಬಿಡೋಣ ಅನ್ನುವವರು ಒಬ್ಬರಾದರೂ ಇರುತ್ತಾರೆ. ಬೇಕಿದ್ದರೆ ಅವರೊಬ್ಬರೇ ಹೋಗಿ ಬರಲಿ.

8. ಸೋಮವಾರ ಸಂಜೆ: ಬೆಟ್ಟ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಕಥೆ ಬಿಡಿ, ರಸ್ತೆಯಲ್ಲಿ ಮೇಲಿನವರೆಗೂ ಹೋಗಬಹುದು. ಮೂರೂವರೆಗೆ ಹೊರಟರೆ ಸರಿ. ದೇವಸ್ಥಾನ ಮಧ್ಯಾಹ್ನ ಸ್ವಲ್ಪ ಹೊತ್ತು ಮುಚ್ಚಿರುತ್ತದೆ, ಸಂಜೆಯಲ್ಲೂ ನಡುವೆ ಬಿಡುವು ಇರುತ್ತದೆ, ಹೊರಡುವ ಮುಂಚೆ ಹೋಟೆಲಿನಲ್ಲಿ ವೇಳೆ ಕೇಳಿಕೊಳ್ಳಿ. ಮಂಗಳವಾರ, ಶುಕ್ರವಾರ ಭಕ್ತರು ಜಾಸ್ತಿ, ಅದಕ್ಕೇ ಸೋಮವಾರಕ್ಕೆ ಇಟ್ಟಿದ್ದು.

ಪಾರ್ಕಿಂಗ್‌ನಿಂದ ಗುಡಿಗೆ ಅಂಗಡಿ ಸಾಲಿನ ನಡುವೆ ನಡೆಯಬೇಕು. ಹಿರಿಯರನ್ನು ಎಲ್ಲಿಯವರೆಗೆ ಗಾಡಿಯಲ್ಲಿ ಬಿಡಬಹುದು ಅಂತ ಅಲ್ಲಿನ ಪೊಲೀಸರನ್ನು ಕೇಳಿ, ಕೇಳಿದರೆ ಸಾಮಾನ್ಯವಾಗಿ ದಾರಿ ತೋರಿಸುತ್ತಾರೆ. ದರ್ಶನಕ್ಕೆ ದುಡ್ಡು ಕೊಟ್ಟು ಹೋಗುವ ಸಾಲು ಬೇರೆ ಇದೆ. ದೇವರ ಮುಂದೆ ಅದೆಲ್ಲಾ ಯಾಕೆ ಅಂತ ಅಪ್ಪ ತಕರಾರು ಮಾಡಬಹುದು, ಮಾಡಲಿ, ಟಿಕೆಟ್ ತೆಗೆದುಕೊಳ್ಳಿ. ಕಂಬಿಗಳ ನಡುವೆ ಒಮ್ಮೆ ಸೇರಿಕೊಂಡರೆ ಕೂರಲು ಜಾಗ ಇರುವುದಿಲ್ಲ.

ದೊಡ್ಡ ನಂದಿ ಬೆಟ್ಟದ ಅರ್ಧದಲ್ಲಿದೆ, ಅಲ್ಲಿಗೂ ರಸ್ತೆಯಿದೆ. ಆದರೆ ಆ ಕವಲು ರಸ್ತೆ ತೆರೆದಿದೆಯಾ ಅಂತ ಡ್ರೈವರನ್ನು ಕೇಳಿ. ಇಳಿಯುವಾಗ ಊರು ಕಾಣುವ ಕಡೆ ಒಮ್ಮೆ ನಿಲ್ಲಿಸಿ, ಗಾಡಿಯಲ್ಲೇ ಕೂತು ನೋಡಿದರೂ ಆಯಿತು. ತಿರುವು ರಸ್ತೆಯಲ್ಲಿ ತಲೆ ಸುತ್ತುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ.

9. ಬದಲಿಗೆ ಏನು, ಬಿಡುವುದು ಏನು

ಮೊಮ್ಮಕ್ಕಳು ಜೊತೆಗಿದ್ದರೆ ಬೆಟ್ಟದ ಬದಲು ಝೂ. 1892ರಲ್ಲಿ ಶುರುವಾದದ್ದು, ಮರದ ನೆರಳು ಚೆನ್ನಾಗಿದೆ, ಆದರೆ ಸುತ್ತು ಬಲು ಉದ್ದ. ಹಿರಿಯರಿಗಾಗಿ ಬ್ಯಾಟರಿ ಗಾಡಿ ಇದೆ. ಗೇಟಿನ ಹತ್ತಿರವೇ ಅದರ ಟಿಕೆಟ್ ತೆಗೆದುಕೊಳ್ಳಿ, ಅರ್ಧ ದಾರಿಯಲ್ಲಿ ಸುಸ್ತಾದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಬೃಂದಾವನ ಬಿಡಿ. ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಸಂಗೀತ ಕಾರಂಜಿ ಇರುವುದು ಗೇಟಿನಿಂದ ದೂರದ ತುದಿಯಲ್ಲಿ, ಮೆಟ್ಟಿಲಿಳಿದು, ಸೇತುವೆ ದಾಟಿ ಹೋಗಬೇಕು, ಕತ್ತಲಲ್ಲಿ ಅದೇ ದಾರಿಯಲ್ಲಿ ಗುಂಪಿನ ಜೊತೆ ಹತ್ತಿ ಬರಬೇಕು. ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳಿವೆ, ಜೊತೆಗೆ ಮಹಡಿ ಮೆಟ್ಟಿಲುಗಳೂ ಇವೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲು ಚೆಂದ, ನೆಲ ಮಾತ್ರ ಏರುಪೇರು, ಒದ್ದೆ. ಕೈಹಿಡಿದುಕೊಂಡು ಹತ್ತು ನಿಮಿಷ ಅಷ್ಟೇ.

ಊರಾಚೆ ಒಂದು ಜಾಗ ಬೇಕೇ ಬೇಕು ಅನ್ನುವವರಿಗೆ ಶ್ರೀರಂಗಪಟ್ಟಣದ ರಂಗನಾಥ. ಹತ್ತಿರ, ಸಮತಟ್ಟು. ಸೋಮನಾಥಪುರ ಮನಸ್ಸಿಗೆ ತುಂಬಾ ಹಿತ, ಹದಿಮೂರನೇ ಶತಮಾನದ ಗುಡಿ, ಜನ ಕಡಿಮೆ, ಆದರೆ ಸುಮಾರು 35 ಕಿಲೋಮೀಟರ್ ದೂರ, ಜಗತಿಗೆ, ಅಂದರೆ ಗುಡಿ ನಿಂತಿರುವ ಕಟ್ಟೆಗೆ, ಮೆಟ್ಟಿಲು ಹತ್ತಬೇಕು. ಇವುಗಳಲ್ಲಿ ಯಾವುದನ್ನು ಸೇರಿಸಿದರೂ ಮೇಲಿನ ಪಟ್ಟಿಯಿಂದ ಒಂದನ್ನು ತೆಗೆಯಿರಿ.

ಊಟದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಹೆಸರುವಾಸಿ ದೋಸೆ ಹೋಟೆಲುಗಳು ಚಿಕ್ಕವು, ಬೆಳಿಗ್ಗೆ ಒಂಬತ್ತರ ಮೇಲೆ ನಿಂತು ಕಾಯಬೇಕು. ಏಳೂವರೆಗೆ ಹೋಗಿ, ಇಲ್ಲಾ ಒಬ್ಬರು ಹೋಗಿ ಪಾರ್ಸೆಲ್ ತನ್ನಿ. ಮೈಸೂರು ಪಾಕ್ ಒಂದು ತುಂಡು ತಿಂದರೆ ಬೈಯಬೇಡಿ.

10. ಮಂಗಳವಾರ: ವಾಪಸ್

ಬೆಳಿಗ್ಗೆ ಏಳಕ್ಕೆ ಕುಕ್ಕರಹಳ್ಳಿ ಕೆರೆ. ಪೂರ್ತಿ ಸುತ್ತು ಹಾಕುವ ಹಟ ಬೇಡ, ಸ್ವಲ್ಪ ನಡೆದು ಬೆಂಚಿನ ಮೇಲೆ ಕೂತು ಹಕ್ಕಿ ನೋಡಿ ಬನ್ನಿ. ಆಮೇಲೆ ತಿಂಡಿ, ಪ್ಯಾಕಿಂಗ್. ಚಾರ್ಜರ್, ಹಲ್ಲಿನ ಸೆಟ್ಟಿನ ಡಬ್ಬಿ, ದಿಂಬಿನ ಕೆಳಗಿನ ಮಾತ್ರೆ, ಬಾತ್‌ರೂಮಿನಲ್ಲಿ ಬಿಚ್ಚಿಟ್ಟ ಉಂಗುರ ಅಥವಾ ಬಳೆ, ಈ ನಾಲ್ಕನ್ನು ಬೇರೆಯಾಗಿ ನೋಡಿ.

ಹನ್ನೆರಡಕ್ಕೆ ನಿಲ್ದಾಣದಲ್ಲಿರಿ. ಮಧ್ಯಾಹ್ನದ ಊಟ ಕಟ್ಟಿಸಿಕೊಂಡಿರಿ, ಮಾತ್ರೆಗೆ ಮುಂಚೆ ಹೊಟ್ಟೆಗೆ ಏನಾದರೂ ಬೀಳಬೇಕಲ್ಲ. ಕೆಎಸ್‌ಆರ್‌ನಲ್ಲಿ ಇಳಿದ ಮೇಲೆ ಮೆಟ್ರೋ ಹತ್ತಿರವೇ ಇದೆ ಅಂತ ಬ್ಯಾಗು ಹೊತ್ತು ಮೇಲ್ಸೇತುವೆ ಹತ್ತಿಸಬೇಡಿ. ಜನ ಚದುರಲಿ, ಹತ್ತು ನಿಮಿಷ ಬೆಂಚಿನ ಮೇಲೆ ಕೂರಿ, ಕ್ಯಾಬ್ ಬಂದಿದೆ ಅಂತ ಖಾತ್ರಿಯಾದ ಮೇಲೆ ಲಿಫ್ಟ್ ಇರುವ ಕಡೆಯಿಂದ ನಿಧಾನಕ್ಕೆ ಹೊರಗೆ ಬನ್ನಿ. ಮನೆಗೆ ತರಕಾರಿ, ಹಾಲು ತಂದಿಡಲು ಪಕ್ಕದ ಮನೆಯವರಿಗೆ ಮೈಸೂರು ಬಿಡುವಾಗಲೇ ಒಂದು ಫೋನ್ ಮಾಡಿಬಿಡಿ.